ದಾಸವಾಳದ ಬಿಳಿ ಹುಳ

ಲಕ್ವಾ ಹೊಡೆದು ಅವ್ವನ ಬಲಗೈ ಬಿದ್ದುಹೋದ ವರ್ಷವೇ ಕೂಕಟ್‌ಪಲ್ಲಿಯ ನಮ್ಮ ಬಾಲ್ಕನಿಯ ದಾಸವಾಳಕ್ಕೂ ಬಿಳಿ ಹುಳ ಹತ್ತಿತು. ಹಿಟ್ಟು ಉದುರಿಸಿದಂತೆ ಚಿಗುರಿಗೆಲ್ಲ ಅಂಟಿಕೊಳ್ಳುವ ಜಾತಿ. ಬೆರಳು ಆಡಿಸುತ್ತಿದ್ದರೆ ಕೈ ಸುಧಾರಿಸುತ್ತದೆ ಎಂದು ಡಾಕ್ಟರು ರಬ್ಬರಿನ ಚೆಂಡು ಕೊಟ್ಟಿದ್ದರು. "ನಾ ಏನ್ ಸಣ್ಣ ಕೂಸೇನ?" ಎಂದು ಅವ್ವ ಅದನ್ನು ಮಂಚದ ಕೆಳಗೆ ಉರುಳಿಸಿದಳು.

ಹುಳ ಕಂಡರೆ ಮಾತ್ರ ಸುಮ್ಮನಿರುವವಳಲ್ಲ. ದಿನಾ ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು, ದೇವರ ದೀಪದ ಬತ್ತಿಯನ್ನು ಸಾಬೂನಿನ ನೀರಿನಲ್ಲಿ ಅದ್ದಿ, ಬಲಗೈಯ ಎರಡು ಬೆರಳಲ್ಲೇ ಹಿಡಿದು, ಕೂಸಿನ ಕಿವಿ ಒರೆಸುವ ಹಾಗೆ ಚಿಗುರುಗಳನ್ನು ಒರೆಸುತ್ತಿದ್ದಳು. ಬತ್ತಿ ಜಾರಿ ಬೀಳುತ್ತಿತ್ತು, ಇನ್ನೊಂದು ತೆಗೆದುಕೊಳ್ಳುತ್ತಿದ್ದಳು. ದಸರೆಯ ಹೊತ್ತಿಗೆ ರೊಟ್ಟಿ ಮುರಿದು ತಾನೇ ತಿನ್ನುವಷ್ಟಾದಳು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬಾಲ್ಕನಿ ತುಂಬ ಸಾಬೂನಿನ ನೀರು, ಒದ್ದೆ ಬತ್ತಿ, ಇರುವೆ. ಮಾದಾಪುರದ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ದಿನ ಜಾರಿ ಬಿದ್ದೆ. ಅವತ್ತೇ ಸಂಜೆ ನರ್ಸರಿಯಿಂದ ಔಷಧಿ ತಂದು, ಅವ್ವನನ್ನು ಒಳಗೆ ಕೂರಿಸಿ, ಗಿಡ ತೋಯುವಂತೆ ಹೊಡೆದೆ. ವಾರ ಬಿಟ್ಟು ಮತ್ತೊಮ್ಮೆ ಹೊಡೆದೆ. ಹುಳ ನಿರ್ನಾಮವಾಯಿತು. ದೊಡ್ಡ ಶಾಣ್ಯಾಕಿಯಂತೆ ಬೀಗಿದೆ.

ಅವ್ವ ಎಲೆ ಮಗುಚಿ ಮಗುಚಿ ನೋಡಿದಳು. "ಒಂದೂ ಉಳಿದಿಲ್ಲಲ್ಲ ಯವ್ವಾ" ಎಂದಳು. ಮರುದಿನದಿಂದ ಬಾಲ್ಕನಿಗೆ ಹೋಗುವುದನ್ನೇ ಬಿಟ್ಟಳು. ತಿಂಗಳೊಪ್ಪತ್ತಿನಲ್ಲಿ ಬೆರಳುಗಳು ಮತ್ತೆ ಮಡಚಿಕೊಂಡವು, ರೊಟ್ಟಿ ಕೈಯಿಂದ ಜಾರತೊಡಗಿತು. ಚೆಂಡು ಕೊಟ್ಟೆ, ಗದರಿದೆ, ಕೈಮುಗಿದೆ. ಕೇಳಲಿಲ್ಲ. ಆ ಹುಳಗಳೇ ಅವಳ ಕೈಗೆ ಔಷಧಿಯಾಗಿದ್ದವು ಎಂದು ಆಗ ತಿಳಿಯಿತು.

ಮೇಲಿನ ಮನೆಯವರ ದಾಸವಾಳಕ್ಕೆ ಅದೇ ಹುಳ ಹತ್ತಿತ್ತು. ಒಂದು ಟೊಂಗೆ ಬೇಡಿ ತಂದೆ. ಕದ್ದುಮುಚ್ಚಿ ನಮ್ಮ ಗಿಡಕ್ಕೆ ಕಟ್ಟುತ್ತಿದ್ದಾಗ ಅವ್ವ ಬಾಗಿಲು ಹಿಡಿದು ನಿಂತಿದ್ದಳು.

"ಏನ್ ಮಾಡಾಕತ್ತೀ?"

ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದು ಹೇಳಿದೆ.

"ನನ್ನ ಕೈ ಸಲುವಾಗಿ ಚಲೋ ಗಿಡಕ್ಕ ರೋಗ ಹಚ್ಚಬ್ಯಾಡ. ಬಿಚ್ಚು ಅದನ್ನ."

ಬಿಚ್ಚಿದೆ. ಅಲ್ಲಿಂದ ಅವಳು ಹೋಗುವವರೆಗೆ, ಎರಡು ವರ್ಷ, ನಾನೇ ತುತ್ತಿಟ್ಟೆ. ಒಂದು ದಿನವೂ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.