ಎಸೆನ್‌ಕುಲ್‌ನ ಹೊಟ್ಟೆಕಿಚ್ಚು

ಕಾರಾಕೋಲ್ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಗೆ ಎಸೆನ್‌ಕುಲ್‌ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಆದರೆ ಅವನು ಬಾಯಿ ಬಿಟ್ಟರೆ ಗಿರಾಕಿಗಳಿಗೆ ತಲೆ ಬುಡ ತಿಳಿಯುತ್ತಿರಲಿಲ್ಲ. "ರ‍್ಯಾಮ್ ಸಾಲ್ದು, ಪ್ರೊಸೆಸರ್‌ಗೆ ಹೊರೆ," ಎಂದು ಗೊಣಗಿ ತಲೆ ತಗ್ಗಿಸಿಬಿಡುವನು. ಎದುರಂಗಡಿಯಲ್ಲಿ ಫೋನಿನ ಕವರು, ಕೇಬಲ್ಲು ಮಾರುವ ತೊಲ್ಕುನ್‌ಗೆ ಒಂದು ಸ್ಕ್ರೂ ಬಿಚ್ಚಲೂ ಬಾರದು. ಆದರೂ ಜನ ಮೊದಲು ನಿಲ್ಲುತ್ತಿದ್ದುದು ಅವಳ ಮುಂದೆಯೇ. ಅವಳು ಬಿಡಿಸಿ ಹೇಳುವಳು:

"ರ‍್ಯಾಮ್ ಅಂದ್ರೆ ಊಟದ ಹಾಸುಬಟ್ಟೆ ಕಣಮ್ಮ. ಅಗಲ ಇದ್ದಷ್ಟೂ ರೊಟ್ಟಿ, ಮಾಂಸ ಹರವಬಹುದು. ಊಟ ಮುಗೀತಾ, ಝಾಡಿಸಿ ಮಡಚೋದು. ಡಿಸ್ಕ್ ಅಂದ್ರೆ ಸಂದೂಕ. ಇಟ್ಟಿದ್ದು ಇಟ್ಟಲ್ಲೇ."

ಒಂದು ಸಂಜೆ ಚಹಾ ಬಗ್ಗಿಸುತ್ತ ಎಸೆನ್‌ಕುಲ್‌ನ ಹೆಂಡತಿ ಉಲ್ಕಾನ್ ಗಂಡನಿಗೆ ಇದನ್ನೇ ಒಪ್ಪಿಸಿದಳು. "ಇಷ್ಟೇನಾ ಅದು? ನೀವ್ಯಾಕೆ ಒಂದಿನಾನೂ ಹೇಳ್ಲಿಲ್ಲ?"

ಹೇಳಿದ್ದ; ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದ. ಎಸೆನ್‌ಕುಲ್‌ನ ಹೊಟ್ಟೆಗೆ ಬೆಂಕಿ ಬಿತ್ತು.

ಮರುದಿನವೇ ಬಾತ್ಮಾ ಆಪಾ ಬಂದಳು. ಸಾವಿನ ಮನೆಗಳಲ್ಲಿ ಹೆಂಗಸರು ಹಾಡಿ ಅಳುವ ಹಳೆಯ ಹಾಡುಗಳನ್ನು ಊರೂರು ಸುತ್ತಿ ವಿಡಿಯೊ ಮಾಡಿ ಕೂಡಿಡುತ್ತಿದ್ದ ಮುದುಕಿ. "ಕಂಪ್ಯೂಟರ್ ಜಾಗ ಇಲ್ಲ ಅಂತಿದೆ ಮಗಾ. ಮೆಮೊರಿ ತುಂಬಿದೆ, ನಿನ್ ಹತ್ರ ಹೊಸದು ಹಾಕಿಸ್ಕೋ ಅಂದ್ಲು ತೊಲ್ಕುನ್."

ಮೆಮೊರಿ ಅಂದರೆ ರ‍್ಯಾಮ್; ಬೇಕಾದದ್ದು ಡಿಸ್ಕು. ಗಡಿಬಿಡಿಯಲ್ಲಿ ತೊಲ್ಕುನ್ ಒಂದಕ್ಕೆ ಇನ್ನೊಂದು ಹೇಳಿದ್ದಾಳೆಂದು ಅವನಿಗೆ ಹೊಳೆಯಿತು. ಅವಳ ಮಾನ ಹೋಗಲಿ ಎಂದುಕೊಂಡು ತುಟಿ ಬಿಚ್ಚದೆ ರ‍್ಯಾಮ್ ಹಾಕಿ ಕಳಿಸಿದ.

ಜಾಗ ಆಗಲಿಲ್ಲ. ಹೊಸ ಹಾಡು ಇಳಿಸಲು ಮುದುಕಿ ಏನನ್ನೋ ಅಳಿಸಲು ಹೋಗಿ, ತನ್ನ ಅಕ್ಕ ಹಾಡಿದ್ದ ವಿಡಿಯೊವನ್ನೇ ಅಳಿಸಿಬಿಟ್ಟಳು. ಅಕ್ಕ ಕಳೆದ ಚಳಿಗಾಲದಲ್ಲೇ ತೀರಿಕೊಂಡಿದ್ದಳು.

ಸುದ್ದಿ ಕೇಳಿ ತೊಲ್ಕುನ್ ಧುಮುಗುಡುತ್ತ ಬಂದಳು. "ನಾನು ಬಾಯ್ತಪ್ಪಿ ಅಂದೆ ಅಣ್ಣ. ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ನನ್ನ ಮೇಲಿನ ಉರೀಗೆ ಆ ಮುದುಕೀನ ಯಾಕೆ ಸುಟ್ರಿ?"

ಅವನು ಅಂಗಡಿ ಮುಚ್ಚಿ ಬಾತ್ಮಾ ಆಪಾಳ ಮನೆಗೆ ನಡೆದ. ಡಿಸ್ಕನ್ನು ಬಿಚ್ಚಿ ತಂದು ಊಟ ನಿದ್ದೆ ಬಿಟ್ಟು ಜಾಲಾಡಿದ. ಚಿತ್ರ ಸಿಗಲಿಲ್ಲ. ದನಿ ಸಿಕ್ಕಿತು, ಅದೂ ನಡುನಡುವೆ ಹರಿದು. ಅಕ್ಕನ ದನಿ ಕೇಳಿ ಮುದುಕಿ ತಲೆವಸ್ತ್ರದ ಅಂಚಿಗೆ ಮುಖ ಒತ್ತಿಕೊಂಡಳು. ಬೇಕೆಂದೇ ಮೋಸ ಮಾಡಿದೆನೆಂದು ಎಸೆನ್‌ಕುಲ್ ಹೇಳಿಬಿಟ್ಟ. ಅವಳು ಹಾಡನ್ನು ಮತ್ತೊಮ್ಮೆ ಹಾಕಿಸಿ ಕೇಳಿದಳು.

"ಹೋಗಿದ್ದು ಹ್ಯಾಗೆ ಬಂತು?" ಎಂದಳು ಕೊನೆಗೆ.

"ಅಳಿಸಿದ್ರೆ ಹೆಸರು ಮಾತ್ರ ಹೋಗುತ್ತೆ ಆಪಾ. ಕಲ್ಲು ಕಿತ್ತ ಗೋರಿ ಹಾಗೆ. ಅಲ್ಲಿ ಇನ್ನೊಬ್ಬರನ್ನ ಹೂಳೋತನಕ ಒಳಗಿದ್ದೋರು ಒಳಗೇ ಇರ್ತಾರೆ."

ಮುದುಕಿ ತಲೆದೂಗಿದಳು. ಜೀವಮಾನದಲ್ಲಿ ಮೊದಲ ಸಲ ಅವನ ಮಾತು ಒಬ್ಬರಿಗೆ ನಾಟಿತ್ತು.

ಮುದುಕಿಯ ಬಾಯಿಂದ ಆ ಮಾತು ಪೇಟೆ ಸೇರಿ, ವಾರ ಕಳೆಯುವುದರೊಳಗೆ ಎದುರಂಗಡಿಯಿಂದ ತೊಲ್ಕುನ್ ದನಿ ಕೇಳಿಸಿತು: "ಕಲ್ಲು ಕಿತ್ತ ಗೋರಿ ಹಾಗೆ ಕಣಮ್ಮ..."

"ಅದು ನಾನು ಹೇಳಿದ್ದು!" ಎಸೆನ್‌ಕುಲ್ ಕೂತಲ್ಲಿಂದಲೇ ಕಿರುಚಿದ.

"ಹೌದು, ಅಣ್ಣನದೇ," ಎಂದಳು ತೊಲ್ಕುನ್. "ಬನ್ನಿ, ನೀವೇ ಹೇಳಿ."

ಜನ ತಿರುಗಿ ನೋಡಿದರು. ಅವನು ಎದ್ದು ಬಂದ, ಗಂಟಲು ಸರಿಮಾಡಿಕೊಂಡ. "ನೀನೇ ಹೇಳು," ಎಂದು ಗೊಣಗಿ, ಉರಿಯುವ ಕಿವಿಗಳ ಮೇಲೆ ಟೋಪಿ ಎಳೆದುಕೊಂಡು ವಾಪಸು ಹೋದ.