ದೊಡ್ಡವ್ವ ಥಾಪಿ ಹಿಡಿದದ್ದು

ನನ್ನ ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಆರನೇ ಇಯತ್ತೆಗೆ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ತಪ್ಪಾಗಬಾರದೆಂದು ಇದನ್ನು ಮೂರು ಸಲ ಬರೆದಿದ್ದೇನೆ. ನಮ್ಮ ನಡುವಿನ ಒಬ್ಬರ ಬಗ್ಗೆ ಬರೆಯಿರಿ ಎಂದು ನಮ್ಮ ಕೆಲಸದವರ ಸಂಘದವರು ಕೇಳಿದಾಗ ನನಗೆ ನೆನಪಾದವಳು ನನ್ನ ದೊಡ್ಡವ್ವ ಗುರುಬಾಯಿ.

ದೊಡ್ಡವ್ವ ಜೋಗೇಶ್ವರಿಯಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದಾಳೆ. ಕಲಬುರ್ಗಿ ಕಡೆಯಿಂದ ಬಂದು ಹನ್ನೊಂದು ವರ್ಷ ಕಟ್ಟಡಗಳಲ್ಲಿ ತಲೆಯ ಮೇಲೆ ಘಮೇಲಾ ಎಂಬ ಕಬ್ಬಿಣದ ಬುಟ್ಟಿ ಇಟ್ಟು ಕಲಸಿದ ಸಿಮೆಂಟಿನ ಮಾಲು ಹೊತ್ತಳು. ಹೆಂಗಸರು ಹೊರುವುದು, ಗಾರೆ ಕೆಲಸದ ಗೌಂಡಿ ಗಂಡಸರು ಥಾಪಿಯಿಂದ, ಅಂದರೆ ಕರಣೆಯಿಂದ, ಅದನ್ನು ಗೋಡೆಗೆ ಹೊಡೆದು ಗಿಲಾವು ಮಾಡುವುದು, ಇದು ನಮ್ಮಲ್ಲಿನ ರೀತಿ. ಹೆಂಗಸು ಥಾಪಿ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ಒಂದು ದಿನ ಸಿಮೆಂಟ್ ಬರದೆ ಕೆಲಸ ನಿಂತಿತು. ಮಾಲು ಹೊರುವ ನಾವು ಹೆಂಗಸರೆಲ್ಲ ಗೋರೆಗಾಂವ್‌ನಲ್ಲಿ ಮ್ಯಾಟಿನಿಗೆ ಹೋದೆವು. ಅದು ಕರಾಟೆ ಪಿಚ್ಚರ್. ಒಂದು ಮಾತೂ ತಿಳಿಯಲಿಲ್ಲ. ಶಿಷ್ಯನೊಬ್ಬ ಗುರುವಿನ ಮನೆಗೆ ನೀರು ಹೊರುತ್ತಾನೆ. ಗುರು ಏನೂ ಕಲಿಸುವುದಿಲ್ಲ. ಅವನು ಬೇರೆಯವರನ್ನು ನೋಡಿ ನೋಡಿ, ಒಂದೇ ಏಟನ್ನು ಕಂಬಕ್ಕೆ ಸಾವಿರ ಸಲ ಹೊಡೆದು ಕಲಿಯುತ್ತಾನೆ.

ಹೊರಗೆ ಬಂದ ಮೇಲೆ ದೊಡ್ಡವ್ವ ಅಂದಳು, "ನಾನೂ ಹನ್ನೊಂದು ವರ್ಸ ನೋಡ್ಕೋತ ಹೊತ್ತೀನಿ. ಹೊಡದು ನೋಡಿಲ್ಲ, ಅಷ್ಟೇ."

ಸವೆದ ಥಾಪಿಯೊಂದನ್ನು ತಂದು, ಸಂಜೆ ಖೋಲಿಯ ಹಿಂದಿನ ಗೋಡೆಗೆ ಕೆಸರು ಹೊಡೆಯತೊಡಗಿದಳು. ನಾನು ಘಮೇಲಾ ಹಿಡಿಯುತ್ತಿದ್ದೆ. ಪಿಚ್ಚರ್‌ನಲ್ಲಿ ಕಂಡಂತೆ ಇದ್ದ ಶಕ್ತಿಯನ್ನೆಲ್ಲ ಕೈಗೆ ಹಾಕಿ ಹೊಡೆದಳು. ಕೆಸರು ತಿರುಗಿ ನಮ್ಮ ಮೇಲೆಯೇ ಬಿತ್ತು.

"ಅಕ್ಕಾ, ಗ್ವಾಡಿಗಿಂತ ನಿನ್ನ ಮಾರಿಗೇ ಗಿಲಾವ ಚಂದ ಆಗ್ಯದ," ಎಂದು ನನ್ನ ಅವ್ವ ನಕ್ಕಳು.

ಹದಿನೈದು ದಿನ ಹೀಗೇ ಆಯಿತು. ಭಾನುವಾರ ದೊಡ್ಡವ್ವ ನನ್ನನ್ನು ಅದೇ ಪಿಚ್ಚರ್‌ಗೆ ಮತ್ತೆ ಕರೆದುಕೊಂಡು ಹೋದಳು. "ಈ ಸಲ ಅವನ ಕಾಲು ನೋಡು," ಅಂದಳು. ನೋಡಿದೆ. ಪ್ರತಿ ಏಟಿಗೂ ಮೊದಲು ಹಿಂದಿನ ಕಾಲು ನೆಲಕ್ಕೆ ಊರುತ್ತಿತ್ತು, ಆಮೇಲೆ ಸೊಂಟ ತಿರುಗುತ್ತಿತ್ತು. ಕೈ ಕೊನೆಗೆ ಸಡಿಲವಾಗಿ ಬರುತ್ತಿತ್ತು.

"ಬರೇ ಕೈ ನೋಡಿ ಕೆಟ್ಟೆ," ಅಂದಳು ದೊಡ್ಡವ್ವ.

ಮರುದಿನ ಕಾಲು ಊರಿ ಹೊಡೆದಳು. ಕೆಸರು ಅಂಟಿತು. ಕೆರೆದು ತೆಗೆದು ಮತ್ತೆ ಹೊಡೆದಳು. ಹೀಗೆ ಎಂಟು ತಿಂಗಳು.

ಒಂದು ದಿನ ಗೌಂಡಿಯೊಬ್ಬ ಊರಿಗೆ ಹೋಗಿದ್ದ. ದೊಡ್ಡವ್ವ ಕೆಲಸ ಹಂಚುವ ಮಿಸ್ತ್ರಿ ಬಸವಂತಪ್ಪನ ಮುಂದೆ ನಿಂತು ಆ ಗೌಂಡಿಯ ಕೆಲಸ ತನಗೆ ಕೊಡಿ ಎಂದು ಕೇಳಿದಳು. ಪಿಚ್ಚರ್ ವಿಷಯ ಮಿಸ್ತ್ರಿಯ ಕಿವಿಗೂ ಬಿದ್ದಿತ್ತು.

"ಪಿಚ್ಚರ್ ನೋಡಿ ಗೌಂಡಿ ಆಗ್ತಿ ಏನ? ಹಂಗಾದ್ರ ನಾ ನಾಳಿ ಡಾಕ್ಟರ್ ಆಗ್ತೀನಿ."

"ಮೆಟ್ಟಲ ಕಡೀದ ಒಂದು ಗ್ವಾಡಿ ಕೊಡ್ರಿ ಮಿಸ್ತ್ರಿ. ಸೊಟ್ಟ ಆದ್ರ ನಾನೇ ಕೆದರಿ ತಗೀತೀನಿ."

"ಸೊಟ್ಟ ಆದ್ರ ನಾಳಿಂದ ಘಮೇಲಾನೂ ಇಲ್ಲ ನೋಡು."

"ಆಗಲ್ರಿ."

ಮಾಲನ್ನೂ ಅವಳೇ ಹೊತ್ತು ತಂದು ಹೊಡೆದಳು, ಮಧ್ಯಾಹ್ನದ ಊಟಕ್ಕೂ ನಿಲ್ಲಿಸಲಿಲ್ಲ. ಸಂಜೆ ಬಸವಂತಪ್ಪ ಮರದ ಪಟ್ಟಿಯನ್ನು ಗೋಡೆಗೆ ಉದ್ದಕ್ಕೆ, ಅಡ್ಡಕ್ಕೆ ಇಟ್ಟು ನೋಡಿದ. ಪಟ್ಟಿಗೂ ಗೋಡೆಗೂ ನಡುವೆ ಎಲ್ಲಿಯೂ ಬೆಳಕು ಕಾಣಲಿಲ್ಲ. ಪಟ್ಟಿಯನ್ನು ಬದಿಗಿಟ್ಟು, ಕೆಳಗಿದ್ದ ನಮ್ಮ ಕಡೆ ತಿರುಗಿದ.

"ಯಾಕ ನಿಂತೀರಿ? ಗುರುಬಾಯೇರಿಗೆ ಮುಂದಿನ ಗ್ವಾಡೀದ ಮಾಲು ಕೊಡ್ರಿ."

ಮೊದಲ ಘಮೇಲಾ ಹೊತ್ತು ಹೋದವಳು ನಾನು. ಇದನ್ನು ಬರೆಯುವಾಗಲೂ ನನಗೆ ಹೆಮ್ಮೆ ಎನಿಸುತ್ತದೆ.

ಈಗ ಎರಡು ವರ್ಷದಿಂದ ದೊಡ್ಡವ್ವ ಗೌಂಡಿ. ಸೋಮವಾರದಿಂದ ನಾನು ಅವಳ ಹತ್ತಿರ ಥಾಪಿ ಹಿಡಿಯಲು ಕಲಿಯುತ್ತೇನೆ.