ಕೊಡೆ ಮುರಿಯುವ ಊರಿಗೊಂದು ರಜೆ

ಕೊಡೆಯಮ್ಮನ ಮುತ್ತಜ್ಜ ಬಿದಿರುಕಡ್ಡಿಯ ಕೊಡೆ ಕಟ್ಟುತ್ತಿದ್ದವನು. ಹುಚ್ಚೆದ್ದು ಸಂತೆಗೆ ನುಗ್ಗಿದ ಹೋರಿಯ ಮುಖದೆದುರು ಫಟ್ಟನೆ ಕೊಡೆ ಬಿಚ್ಚಿ, ಅದನ್ನು ಬಂದ ದಾರಿಗೇ ಅಟ್ಟಿದವನು. ಅಜ್ಜ ಊರಿಗೆ ಮೊದಲ ಕಬ್ಬಿಣದ ಕಡ್ಡಿಯ ಕೊಡೆ ತಂದ. ಒಳಗೇನಿದೆ ನೋಡೋಣವೆಂದು ಬಿಚ್ಚಿದವನಿಗೆ ಜೋಡಿಸಲು ಬರಲಿಲ್ಲ. ಅನ್ನ ನೀರು ಬಿಟ್ಟು ಕೂತು, ಜೋಡಿಸಿಯೇ ಎದ್ದ. ಅಪ್ಪನಂತೂ ತಾನು ರಿಪೇರಿ ಮಾಡಿದ ಕೊಡೆ ಹಿಡಿದು ಮಾಳಿಗೆಯಿಂದ ಹಾರಿ ಕಾಲು ಮುರಿದುಕೊಂಡ. ನೋಡಲು ಬಂದವರಿಗೆಲ್ಲ ಮಲಗಿದಲ್ಲಿಂದಲೇ, "ಕೊಡೆಗೆ ಏನೂ ಆಗ್ಲಿಲ್ಲ, ನೋಡಿ!" ಎಂದು ಬಿಚ್ಚಿ ತೋರಿಸಿದ.

ಇಂಥವರ ವಂಶದಲ್ಲಿ ಹುಟ್ಟಿದವಳು ಸುಮ್ಮನೆ ಕೂರುವುದುಂಟೆ?

ಬಸ್ ನಿಲ್ದಾಣದೆದುರು ಮೆಟ್ಟಿಲ ಕೆಳಗಿನ ಗೂಡೇ ಅವಳ ಕೊಡೆ ರಿಪೇರಿ ಅಂಗಡಿ. ಬಟ್ಟೆ ಕಳಚಿದ ಕೊಡೆಗಳು ಗೋಡೆಯ ಮೊಳೆಗಳಿಗೆ ಜೋತು ಬಿದ್ದಿರುತ್ತವೆ. ಬಾಯಲ್ಲಿ ತಂತಿ ಕಚ್ಚಿಕೊಂಡೇ ಮಾತಾಡುತ್ತಾಳೆ. ಗಿರಾಕಿಗಳಿಗೆ ಅದು ಅರ್ಥವೂ ಆಗುತ್ತದೆ. ಅವಳ ಕೈ ಸೋಕಿದ ಕಡ್ಡಿ ಮತ್ತೆ ಮುರಿಯಿತೆಂದು ಯಾರೂ ಬಂದದ್ದಿಲ್ಲ, ಒಂದೂರಿನವರನ್ನು ಬಿಟ್ಟು.

ಆ ಊರು ಕಡಲಂಚಿನಲ್ಲಿದೆ. ಬಸ್ಸು ಅಲ್ಲಿಗೆ ಹೋಗಿ ತಿರುಗಿ ಬರಬೇಕೇ ಹೊರತು ಮುಂದಕ್ಕೆ ದಾರಿಯಿಲ್ಲ. ವರ್ಷದ ಬಹುಪಾಲು ಉರಿಬಿಸಿಲು, ಉಳಿದದ್ದು ಮಳೆ. ಮಳೆ ಹಿಡಿಯಿತೆಂದರೆ ಆ ದಾರಿಯ ಕಂಡಕ್ಟರು ಮುರಿದ ಕೊಡೆಗಳ ಹೊರೆಯನ್ನು ಅವಳ ಮುಂದೆ ದೊಪ್ಪನೆ ಹಾಕುತ್ತಾನೆ. ಗಾಳಿಗೆ ಸಿಕ್ಕ ಕೊಡೆ ಮೇಲಕ್ಕೆ ಮಗುಚುವುದು ಎಲ್ಲ ಕಡೆ ಇದ್ದದ್ದೇ. ಇವು ಮಾತ್ರ ಒಂದೇ ಬದಿಯಲ್ಲಿ, ಯಾರೋ ಮೇಲಿಂದ ಗುದ್ದಿದ ಹಾಗೆ ಒಳಕ್ಕೆ ಮಡಚಿಕೊಂಡಿರುತ್ತವೆ. ಅವಳು ಕಡ್ಡಿಗೆ ಜೋಡುತಂತಿ ಕಟ್ಟಿ ಕಳಿಸಿದಳು. ಮುಂದಿನ ಮಳೆಗಾಲಕ್ಕೆ ಅವು ಜೋಡುತಂತಿಯ ಸಮೇತ ಮಡಚಿಕೊಂಡು ಬಂದವು.

"ನಿಮ್ಮೂರವರು ಕೊಡೆ ಹೇಗೆ ಹಿಡೀತಾರಪ್ಪಾ?" ಎಂದು ಕೇಳಿದಳು.

"ಕೈಯಲ್ಲೇ ಅಕ್ಕಾ. ಬಾಯಲ್ಲಿ ಕಚ್ಕೊಳ್ಳೋಳು ನೀನೊಬ್ಬಳೇ," ಎಂದ ಕಂಡಕ್ಟರು.

ಅವನು ನಕ್ಕು ಹೋದ. ಅವಳ ತಲೆಯೊಳಗೆ ಹೊಕ್ಕ ಹುಳ ಹೋಗಲಿಲ್ಲ. ಅಲ್ಲಿ ಗಾಳಿ ಮೇಲಿನಿಂದ ಬೀಳುತ್ತದೆಯೇ? ಸಮುದ್ರದಿಂದ ಎದ್ದು ಗುಡ್ಡಕ್ಕೆ ಬಡಿದು ತಿರುಗುತ್ತದೆಯೇ? ತನ್ನ ಕೈ ಸೋತ ಜಾಗವನ್ನು ಕಣ್ಣಾರೆ ಕಾಣದಿದ್ದರೆ ತನ್ನ ಕಸುಬಿಗೆ ಬೆಲೆಯಿಲ್ಲವೆಂದು ತೀರ್ಮಾನಿಸಿದಳು. ಒಂದು ಸಂಜೆ ಬಾಯಲ್ಲಿ ತಂತಿ ಕಚ್ಚಿಕೊಂಡೇ ಮಗಳ ಮನೆಗೆ ಹೋಗಿ, "ನಾನು ರಜೆ ಮಾಡ್ತೀನಿ," ಎಂದಳು.

ಅಳಿಯನ ಕಸುಬೇ ಜನರನ್ನು ಪ್ರವಾಸಕ್ಕೆ ಕಳಿಸುವುದು. ಊರಿನ ಹೆಸರು ಕೇಳಿ ಅವನು ಹಿಗ್ಗಿ ಹೀರೇಕಾಯಾದ. "ಭಾರೀ ಜಾಗ ಅತ್ತೆ! ಬೇಸಿಗೆಗೆ ಹಾಕ್ತೀನಿ. ದೋಣಿ ಸವಾರಿ, ಸೂರ್ಯಾಸ್ತ, ಬೆಳಿಗ್ಗೆ ತಿಂಡಿ ಪುಕ್ಕಟೆ."

"ಬೇಸಿಗೆ ಯಾರಿಗೆ ಬೇಕು ಅಳಿಯಂದ್ರೇ? ಜೋರು ಮಳೆಗೆ ಹಾಕಿ."

ಮಗಳು ಒಳಗಿನಿಂದ ಓಡಿಬಂದಳು. "ನಿನಗೇನು ತಲೆ ಕೆಟ್ಟಿದ್ಯಾ ಅಮ್ಮಾ? ಮಳೇಲಿ ಕೊಡೆ ಅಂಗಡಿ ಮುಚ್ಚಿ ಊರು ಸುತ್ತೋಕೆ ಹೋಗ್ತಾರಾ ಯಾರಾದ್ರೂ?"

"ಬೇಸಿಗೇಲಿ ಹೋದ್ರೆ ಅಲ್ಲೇನು ಮುರಿಯುತ್ತೆ?"

ಅಳಿಯ ಅಲ್ಲಿನ ಲಾಡ್ಜಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ. ಅವರೇ ಬುದ್ಧಿ ಹೇಳಲಿ ಎಂಬುದು ಅವನ ಲೆಕ್ಕಾಚಾರ.

"ಮಳೇಲಿ ನಾವು ಬಾಗಿಲು ಹಾಕ್ಕೊಂಡು ಕೂತಿರ್ತೀವಿ ಸ್ವಾಮಿ," ಎಂದಿತು ಆ ಕಡೆಯ ದನಿ. "ಅಡುಗೆಯವನೂ ಊರಿಗೆ ಹೋಗಿರ್ತಾನೆ."

ಕೊಡೆಯಮ್ಮ ಫೋನು ಕಸಿದುಕೊಂಡಳು. "ಒಲೆ ಇದೆಯಲ್ವಾ? ಅಷ್ಟು ಸಾಕು. ಅದಿರಲಿ, ನಿಮ್ಮಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತೆ?"

"ಬಂದೋರೆಲ್ಲ ಬಿಸಿನೀರು ಬರುತ್ತಾ ಅಂತ ಕೇಳ್ತಾರಮ್ಮಾ. ಗಾಳೀನ ಕೇಳಿದೋರು ನೀವೇ ಮೊದಲು. ಸಮುದ್ರಕ್ಕೆ ಕಟ್ಟಿದ ತಡೆಗೋಡೆ ಮೇಲೆ ನಡೀವಾಗ ಅದು ತಲೆ ಮೇಲೇ ಬೀಳುತ್ತೆ. ಯಾಕೆ ಅಂತ ನಮಗೂ ಗೊತ್ತಿಲ್ಲ. ಬನ್ನಿ, ಒಂದು ಕೋಣೆ ತೆಗೆದುಕೊಡ್ತೀನಿ."

ಅವಳ ಮುಖ ಅರಳಿದ್ದನ್ನು ಕಂಡು ಅಳಿಯನಿಗೆ ದಿಗಿಲಾಯಿತು. ಅಲ್ಲಿಗೆ ಹೋಗಬೇಕಾಗಿಲ್ಲ, ಗಾಳಿಯ ವಿಡಿಯೋ ತರಿಸಿಕೊಡುತ್ತೇನೆ ಎಂದ. ಅವಳು ಸೊಪ್ಪು ಹಾಕಲಿಲ್ಲ. ಹಾಗಾದರೆ ತಾನೂ ಜೊತೆಗೆ ಬರುವೆ, ಗೋಡೆಯ ಮೇಲೆ ಕೈ ಹಿಡಿದು ನಡೆಸುವೆ ಎಂದ.

ಕೊಡೆಯಮ್ಮ ಬಾಯಿಂದ ತಂತಿ ತೆಗೆದಳು.

"ಬೇಡ ಅಳಿಯಂದ್ರೇ. ನೀವು ಬಂದ್ರೆ ನನ್ನ ಕೈ ಹಿಡೀತೀರ, ಆಮೇಲೆ ಪಾಪ ಮುದುಕಿ ಅಂತ ಕೊಡೇನೂ ನೀವೇ ಹಿಡೀತೀರ. ಅದು ಮುರಿಯೋವಾಗ ನನ್ನ ಕೈಯಲ್ಲೇ ಇರ್ಬೇಕು. ನೀವು ಇಲ್ಲೇ ಇರಿ."